ಮೊಸಳೆಯ ಮೇಲೆ ಬಿಲ್ಲೆತ್ತುವುದು ಪರಾಕ್ರಮವೇ?

(ಅಂತಿಮ ಬಿ.ಎ. ವರ್ಗದ ವಿದ್ಯಾರ್ಥಿ)

ಬಿಲ್ವಿದ್ಯೆಗೆ ನಮ್ಮ ದೇಶದಲ್ಲಿ ಸಲ್ಲುತ್ತ ಬಂದ ಗೌರವವು ಬೇರೆ ಯಾವ ಆಯುಧವಿದ್ಯೆಗೂ ಸಂದಿಲ್ಲ. ರಾಮನ ಕೋದಂಡ, ಅರ್ಜುನನ ಗಾಂಡೀವ, ಶಿವನ ಪಿನಾಕ ಇವುಗಳ ಹೆಸರನ್ನು ಅಕ್ಷರವರಿಯದ ಮುದುಕಿಯೂ ಬಲ್ಲಳು. ಯುದ್ಧಶಾಸ್ತ್ರಕ್ಕೇ ನಮ್ಮ ಹಿರಿಯರು ಧನುರ್ವೇದವೆಂದು ಹೆಸರಿಟ್ಟರು. ಆದುದರಿಂದ ಬಿಲ್ಲೆಂಬ ಶಬ್ದ ಕಿವಿಗೆ ಬಿದ್ದೊಡನೆ ತರುಣರ ಎದೆ ಉಬ್ಬಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಈಚೆಗೆ ನಮ್ಮ ವಸತಿನಿಲಯದಲ್ಲಿಯೂ ತರಗತಿಗಳ ನಡುವಣ ಬಿಡುವಿನಲ್ಲಿಯೂ ಈ ಬಿಲ್ಲಿನ ಮಾತು ಬೇರೊಂದು ದಾರಿಯಿಂದ ಬಂದಿದೆ. ಅಮೆರಿಕದ ಜೌಗುನಾಡುಗಳಲ್ಲಿ ದೋಣಿಯೇರಿ, ತಲೆಗೆ ದೀಪ ಕಟ್ಟಿಕೊಂಡು, ಬಿಲ್ಲುಬಾಣಗಳಿಂದ ಅಲಿಗೇಟರುಗಳನ್ನು ಬೇಟೆಯಾಡುವ ಚಿತ್ರಗಳನ್ನು ಫೋನಿನಲ್ಲಿ ಕಂಡ ಮಿತ್ರರು, “ನಮ್ಮ ಕೃಷ್ಣೆಯ ಮೊಸಳೆಗಳಿಗೂ ಇದೇ ಮದ್ದು” ಎನ್ನತೊಡಗಿದ್ದಾರೆ. ಹೀಗೆನ್ನುವವರಲ್ಲಿ ಎರಡು ಬಗೆ. ವಿಜಯಪುರ ಪಟ್ಟಣದಲ್ಲಿ ಬೆಳೆದವರಿಗೆ ಅದೊಂದು ಸಾಹಸದ ಕಥೆ. ಹೊಳೆಸಾಲಿನ ಹಳ್ಳಿಗಳಿಂದ ಬಂದವರಿಗೋ ಅದು ಜೀವದ ಅಂಜಿಕೆಯಿಂದ ಹೊರಟ ಮಾತು. ಮೊದಲನೆಯವರನ್ನು ನಕ್ಕು ಸುಮ್ಮನಿರಿಸಬಹುದು. ಎರಡನೆಯವರಿಗೆ ಉತ್ತರ ಕೊಡದೆ ಇರುವುದು ನ್ಯಾಯವಲ್ಲ.

ನನ್ನ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇನೆ. ಮನುಷ್ಯನ ಕಾಲು ಮೊಸಳೆಯ ಬಾಯಲ್ಲಿರುವಾಗ ಎತ್ತಿದ ಆಯುಧವು ಧರ್ಮ. ಅದೇ ಮೊಸಳೆ ದಂಡೆಯ ಮೇಲೆ ಬಿಸಿಲು ಕಾಯಿಸುತ್ತ ಬಿದ್ದಿರುವಾಗ ಎತ್ತಿದ ಆಯುಧವು ಪರಾಕ್ರಮವೂ ಅಲ್ಲ, ಹೊಳೆಸಾಲಿನವರ ಕಷ್ಟಕ್ಕೆ ಪರಿಹಾರವೂ ಅಲ್ಲ. ಈ ಮಾತನ್ನು ಸಮರ್ಥಿಸುವುದಕ್ಕಾಗಿ ಮೊದಲು ಪುರಾಣದ ಕಡೆಗೆ, ಆಮೇಲೆ ಅಮೆರಿಕದ ಕಡೆಗೆ, ಕೊನೆಗೆ ನಮ್ಮ ಜಿಲ್ಲೆಯ ಕಡೆಗೆ ವಾಚಕರ ಗಮನವನ್ನು ಸೆಳೆಯಬಯಸುತ್ತೇನೆ.

ಬಿಲ್ಲುಬಾಣದಿಂದ ಮೊಸಳೆಯನ್ನು ಕೊಂದ ಪ್ರಸಂಗವನ್ನು ಹುಡುಕಲು ನಾವು ಸಪ್ತಸಾಗರ ದಾಟಬೇಕಾಗಿಲ್ಲ. ಮಹಾಭಾರತದ ಆದಿಪರ್ವದಲ್ಲಿಯೇ ಅದಿದೆ. ದ್ರೋಣಾಚಾರ್ಯರು ಶಿಷ್ಯರೊಡನೆ ಗಂಗಾಸ್ನಾನಕ್ಕೆ ಹೋಗಿದ್ದಾಗ ಬಲಿಷ್ಠವಾದ ಮೊಸಳೆಯೊಂದು ಅವರ ಕಾಲನ್ನು ಹಿಡಿಯಿತು. ಬಿಡಿಸಿಕೊಳ್ಳುವ ಶಕ್ತಿ ತಮಗಿದ್ದರೂ ಆಚಾರ್ಯರು ಶಿಷ್ಯರನ್ನು ಕೂಗಿ, ತಮ್ಮನ್ನು ರಕ್ಷಿಸಬೇಕೆಂದರು. ಉಳಿದ ರಾಜಕುಮಾರರು ದಿಕ್ಕು ತೋಚದೆ ನಿಂತಿರಲು ಅರ್ಜುನನೊಬ್ಬನೇ ಐದು ಬಾಣಗಳನ್ನು ಬಿಟ್ಟು ನೀರೊಳಗಿನ ಮೊಸಳೆಯನ್ನು ತುಂಡರಿಸಿದನು. ಸಂತುಷ್ಟರಾದ ಗುರುಗಳು ಬ್ರಹ್ಮಶಿರವೆಂಬ ಅಸ್ತ್ರವನ್ನು ಅವನಿಗೆ ಕೊಟ್ಟರು.

ಈ ಕಥೆಯನ್ನು ಬಾಲ್ಯದಿಂದಲೂ ನಾವು ಅರ್ಜುನನ ಗುರಿಯ ಹೊಗಳಿಕೆಯೆಂದೇ ಕೇಳುತ್ತ ಬಂದಿದ್ದೇವೆ. ಆದರೆ ಇದರಲ್ಲಿ ಗಮನಿಸತಕ್ಕ ಅಂಶಗಳು ಇನ್ನೆರಡಿವೆ. ಒಂದು, ಅರ್ಜುನನು ಮೊಸಳೆಯನ್ನು ಅರಸಿಕೊಂಡು ಹೋದವನಲ್ಲ. ಗಂಗೆಯಲ್ಲಿ ಅಂದು ಬೇರೆ ಮೊಸಳೆಗಳೂ ಇದ್ದಿರಬೇಕಷ್ಟೆ. ಅವುಗಳ ಮೇಲೆ ಅವನು ಒಂದು ಬಾಣವನ್ನೂ ವ್ಯಯಮಾಡಲಿಲ್ಲ. ಎರಡು, ಗುರುಗಳು ಆ ಮಹಾಸ್ತ್ರವನ್ನು ಕೊಡುವಾಗಲೇ, ಇದನ್ನು ಮನುಷ್ಯರ ಮೇಲೆ ಪ್ರಯೋಗಿಸಕೂಡದು, ಅಲ್ಪಬಲರ ಮೇಲೆ ಬಿಟ್ಟರೆ ಲೋಕವನ್ನೇ ಸುಟ್ಟೀತು ಎಂದು ಕಟ್ಟಳೆಯನ್ನೂ ವಿಧಿಸಿದರು. ಅಸ್ತ್ರದೊಡನೆ ಅಂಕುಶವನ್ನೂ ಕೊಡುವುದು ನಮ್ಮ ಧನುರ್ವೇದದ ಸಂಪ್ರದಾಯ. ಅಂಕುಶವನ್ನು ಬಿಟ್ಟು ಅಸ್ತ್ರವನ್ನು ಮಾತ್ರ ಬಯಸುವವನು ಅರ್ಜುನನ ಹೆಸರನ್ನು ಹೇಳಲು ಅರ್ಹನಲ್ಲ.

ವಿಶೇಷವೆಂದರೆ, ಇಂದಿನ ನಮ್ಮ ಕಾಯಿದೆಯೂ ಸುಮಾರಾಗಿ ಇದೇ ಮಾತನ್ನು ಹೇಳುತ್ತದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿ, ಅಂದರೆ ಹುಲಿ ಆನೆಗಳ ಪಂಕ್ತಿಯಲ್ಲಿ, ನಮ್ಮ ಸಿಹಿನೀರಿನ ಮೊಸಳೆಯ ಹೆಸರಿದೆ. ಅದನ್ನು ಬೇಟೆಯಾಡಿದವನಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷದವರೆಗೂ ಹೋಗಬಹುದಾದ ಸೆರೆವಾಸವುಂಟು, ದಂಡವು ಬೇರೆ. ಬೇಟೆಯೆಂದರೆ ಕೊಲ್ಲುವುದೊಂದೇ ಅಲ್ಲ. ಬಲೆಯೊಡ್ಡುವುದು, ಹಿಡಿಯುವುದು, ಮೊಟ್ಟೆಗಳನ್ನು ಕೆಡಿಸುವುದು ಕೂಡ ಬೇಟೆಯೇ ಎಂದು ಕಾಯಿದೆ ಹೇಳುತ್ತದೆ. ಆದರೆ ಅದೇ ಕಾಯಿದೆಯ ಹನ್ನೊಂದನೆಯ ಕಲಮಿನಲ್ಲಿ, ತನ್ನ ಅಥವಾ ಪರರ ಪ್ರಾಣರಕ್ಷಣೆಗಾಗಿ ಸದ್ಭಾವದಿಂದ ಪ್ರಾಣಿಯನ್ನು ಕೊಂದರೆ ಅದು ಅಪರಾಧವಲ್ಲವೆಂದೂ ಬರೆದಿದೆ. ಎಂದರೆ ಗಂಗೆಯ ದಂಡೆಯ ಅರ್ಜುನನನ್ನು ಇಂದಿನ ಯಾವ ನ್ಯಾಯಾಲಯವೂ ಶಿಕ್ಷಿಸಲಾರದು. ದೋಣಿಯಲ್ಲಿ ದೀಪ ಕಟ್ಟಿಕೊಂಡು ಹೊರಟ ನಮ್ಮ ಮಿತ್ರನನ್ನು ಮಾತ್ರ ಖಂಡಿತವಾಗಿ ಶಿಕ್ಷಿಸುತ್ತದೆ.

“ಹಾಗಾದರೆ ಅಮೆರಿಕದವರು ಬೇಟೆಯಾಡುವುದು ಹೇಗೆ? ಅವರೇನು ನಮಗಿಂತ ತಿಳಿಗೇಡಿಗಳೇ?” ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ಯೋಗ್ಯವಾದುದು, ಆದರೆ ಚಿತ್ರದಲ್ಲಿ ಕಾಣದ ಸಂಗತಿಗಳನ್ನು ತಿಳಿದುಕೊಂಡ ಬಳಿಕವೇ ಅದಕ್ಕೆ ಉತ್ತರ ಕೊಡಬೇಕು.

ಚರ್ಮದ ಆಸೆಗಾಗಿ ಆ ದೇಶದವರು ಅಲಿಗೇಟರುಗಳನ್ನು ಎಷ್ಟು ಕೊಂದರೆಂದರೆ, ೧೯೬೭ರಲ್ಲಿ ಅದನ್ನು ಅಳಿವಿನಂಚಿನ ಪ್ರಾಣಿಯೆಂದು ಘೋಷಿಸಬೇಕಾಯಿತು. ಲೂಸಿಯಾನಾ ರಾಜ್ಯವು ಅದಕ್ಕೂ ಮೊದಲೇ, ೧೯೬೨ರಲ್ಲಿ, ಬೇಟೆಯನ್ನು ನಿಲ್ಲಿಸಿ ಹತ್ತು ವರ್ಷ ಬಾಗಿಲು ಹಾಕಿತ್ತು. ಹೀಗೆ ಕಾಪಾಡಿದ್ದರಿಂದ ಅವುಗಳ ಸಂತತಿ ಹೆಚ್ಚಿ, ೧೯೮೭ರಲ್ಲಿ ಅಪಾಯವು ಪೂರ್ತಿಯಾಗಿ ನೀಗಿತೆಂದು ಅಲ್ಲಿನ ಸರಕಾರ ಸಾರಿತು. ಫ್ಲೋರಿಡಾದಲ್ಲಿ ರಾಜ್ಯವ್ಯಾಪಿಯಾದ ಬೇಟೆಯ ಹಂಗಾಮು ಆರಂಭವಾದದ್ದು ಆಮೇಲೆ, ೧೯೮೮ರಲ್ಲಿ. ಈಗ ಆ ಒಂದು ರಾಜ್ಯದಲ್ಲಿಯೇ ಹದಿಮೂರು ಲಕ್ಷದಷ್ಟು ಅಲಿಗೇಟರುಗಳಿವೆಯೆಂದು ಅಂದಾಜು. ಅಲ್ಲಿಯೂ ಬೇಟೆಗಾರನು ಪರವಾನಗಿ ಪಡೆಯಬೇಕು. ಎಷ್ಟು ಪ್ರಾಣಿಗೆ ಚೀಟಿ ಸಿಕ್ಕಿದೆಯೋ ಅಷ್ಟನ್ನೇ ಹಿಡಿಯಬೇಕು. ಗೊತ್ತುಪಡಿಸಿದ ತಿಂಗಳುಗಳಲ್ಲಿಯೇ ಹಿಡಿಯಬೇಕು.

ಇನ್ನು ಬಿಲ್ಲಿನ ಸಂಗತಿ. ಅಲ್ಲಿ ಬಿಲ್ಲು ಕೊಲ್ಲುವ ಆಯುಧವೆನ್ನುವುದಕ್ಕಿಂತ ಗಾಳದ ಒಂದು ರೂಪವೆನ್ನುವುದೇ ಸರಿ. ಬಾಣದ ಹಿಂದೆ ಗಟ್ಟಿಯಾದ ದಾರವಿರಬೇಕೆಂಬುದು ಫ್ಲೋರಿಡಾದ ನಿಯಮ. ಆ ದಾರದ ತುದಿಗೆ ತೇಲುಬುರುಡೆಯನ್ನು ಕಟ್ಟುವುದು ವಾಡಿಕೆ. ಬಾಣ ನಾಟಿದ ಪ್ರಾಣಿ ಮುಳುಗಿದರೂ ಬುರುಡೆ ಅದರ ಜಾಡನ್ನು ತೋರಿಸುತ್ತದೆ. ಅದು ದಣಿದ ಮೇಲೆ ದೋಣಿಯ ಬಳಿಗೆ ಎಳೆದು, ಕೋಲಿನ ತುದಿಗೆ ತೋಟಾ ಅಳವಡಿಸಿದ ಸಾಧನದಿಂದ ತಲೆಗೆ ಹೊಡೆದು ಕೊಲ್ಲುತ್ತಾರೆ. ನೀರಿನಲ್ಲಿ ಸ್ವೇಚ್ಛೆಯಾಗಿ ಈಜುವ ಪ್ರಾಣಿಗೆ ಬಂದೂಕು ಹೊಡೆಯಲು ಅಲ್ಲಿ ಅಪ್ಪಣೆಯೇ ಇಲ್ಲ. ಗಾಯಗೊಂಡ ಪ್ರಾಣಿ ಕೈತಪ್ಪಿ ಹೋಗಬಾರದೆಂಬುದೇ ಈ ನಿಯಮಗಳ ಹುರುಳು. ಚಿತ್ರ ನೋಡಿದ ನಮ್ಮ ಮಿತ್ರರ ಕಣ್ಣಿಗೆ ಬಿಲ್ಲು ಕಂಡಿತು, ದಾರ ಕಾಣಲಿಲ್ಲ. ದಾರದ ಹಿಂದಿರುವ ಇಪ್ಪತ್ತೈದು ವರ್ಷಗಳ ಸಂರಕ್ಷಣೆಯಂತೂ ಕಾಣಲೇ ಇಲ್ಲ.

ಅದಲ್ಲದೆ ಅಲಿಗೇಟರು ನಮ್ಮ ಮೊಸಳೆಯಲ್ಲ. ಜಗತ್ತಿನಲ್ಲಿರುವ ನಿಜವಾದ ಅಲಿಗೇಟರುಗಳು ಎರಡೇ ಜಾತಿ: ಒಂದು ಅಮೆರಿಕದ್ದು, ಇನ್ನೊಂದು ಚೀನದ್ದು. ಭಾರತದ ನೀರಿನಲ್ಲಿ ಇರುವವು ಬೇರೆ ಮೂರು: ಸಿಹಿನೀರಿನ ಮೊಸಳೆ, ಉಪ್ಪುನೀರಿನ ಮೊಸಳೆ ಮತ್ತು ಉದ್ದಮೂತಿಯ ಘರಿಯಾಲ. ಕೃಷ್ಣೆಯಲ್ಲಿರುವುದು ಮೊದಲನೆಯದು. ಹಿಂದಿಯಲ್ಲಿ ಅದಕ್ಕೆ ‘ಮಗರ್’ ಎನ್ನುವರು. ಅದು ನಮ್ಮ ‘ಮಕರ’ವೇ. ದೇವಾಲಯದ ಮಕರತೋರಣದಲ್ಲಿ ಬಾಯ್ದೆರೆದು ಕುಳಿತಿರುವ, ಗಂಗೆಗೂ ವರುಣನಿಗೂ ವಾಹನವಾಗಿರುವ ಮಕರಕ್ಕೆ ಮೂಲರೂಪವನ್ನು ಕೊಟ್ಟ ಪ್ರಾಣಿಗಳಲ್ಲಿ ಇದೂ ಒಂದೆನ್ನಬಹುದು.

ಈ ಮೊಸಳೆಯೂ ಅಲಿಗೇಟರಿನಂತೆಯೇ ಚರ್ಮದ ವ್ಯಾಪಾರಕ್ಕೆ ಬಲಿಯಾಯಿತು. ಬ್ರಿಟಿಷರ ಕಾಲದಲ್ಲಿ ದೊರೆಗಳಿಗೂ ಸಾಹೇಬರಿಗೂ ಮೊಸಳೆಗೆ ಗುಂಡಿಡುವುದು ಒಂದು ವಿನೋದವಾಗಿತ್ತು. ಆಮೇಲೆ ಚೀಲ, ಪಾದರಕ್ಷೆಗಳ ವ್ಯಾಪಾರಿಗಳು ಬಂದರು. ೧೯೭೦ರ ಸುಮಾರಿಗೆ ಅನೇಕ ನದಿಗಳಲ್ಲಿ ಅದು ಇಲ್ಲವೆನ್ನುವಂತಾಗಿತ್ತು. ೧೯೭೫ರಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಭಾರತ ಸರಕಾರವು ಮೊಸಳೆ ಸಂರಕ್ಷಣಾ ಯೋಜನೆಯನ್ನು ಕೈಗೊಂಡಿತು. ಮೊಟ್ಟೆಗಳನ್ನು ತಂದು ಕಾವು ಕೊಟ್ಟು, ಮರಿಗಳನ್ನು ಬೆಳೆಸಿ, ನದಿಗಳಿಗೆ ಬಿಡುವ ಕೆಲಸ ಹಲವು ಕಡೆ ನಡೆಯಿತು. ಅದರ ಫಲವಾಗಿ ಸಂತತಿ ಚೇತರಿಸಿಕೊಂಡಿದ್ದರೂ ಇಂದು ಇಡೀ ಜಗತ್ತಿನಲ್ಲಿ ಈ ಜಾತಿಯ ಮೊಸಳೆಗಳಿರುವುದು ಕೆಲವೇ ಸಾವಿರ. ಹದಿಮೂರು ಲಕ್ಷವಿರುವವನು ಒಂದೆರಡನ್ನು ತೆಗೆಯುವುದಕ್ಕೂ, ಕೆಲವೇ ಸಾವಿರವಿರುವ ದೇಶದವನು ಅವನನ್ನು ನೋಡಿ ಬಿಲ್ಲೆತ್ತುವುದಕ್ಕೂ ಇರುವ ಅಂತರವನ್ನು ಲೆಕ್ಕ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಾಲಗಾರನು ಸಾಹುಕಾರನ ಮನೆಯ ಮದುವೆಯನ್ನು ನೋಡಿ ತನ್ನ ಮನೆಗೂ ಚಪ್ಪರ ಹಾಕಿದಂತಾದೀತು.

ಕೆಲವರು ಇಲ್ಲಿ ಪರಾಕ್ರಮದ ಮಾತನ್ನು ತರುತ್ತಾರೆ. ಬಂದೂಕಿನಿಂದ ದೂರದಲ್ಲಿ ನಿಂತು ಹೊಡೆಯುವುದಕ್ಕಿಂತ ಬಿಲ್ಲಿನಿಂದ ಹೊಡೆಯುವುದು ವೀರೋಚಿತವಲ್ಲವೇ ಎನ್ನುತ್ತಾರೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಬೇಟೆಯನ್ನೂ ಮೀನು ಹಿಡಿಯುವುದನ್ನೂ ಅರಸನ ವಿನೋದಗಳಲ್ಲಿ ಎಣಿಸಿರುವುದು ನಿಜ. ಆದರೆ ಅದು ಅರಣ್ಯವು ವಿಸ್ತಾರವಾಗಿದ್ದು ಊರುಗಳು ವಿರಳವಾಗಿದ್ದ ಕಾಲ. ನಮ್ಮ ಸೀಮೆಯಲ್ಲಿ ಆಯುಧದ ಮಾನವನ್ನು ಕಾಯ್ದವರು ಯಾರೆಂದು ಕೇಳಿದರೆ, ನಾನು ನೆರೆಯ ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರನ್ನು ತೋರಿಸುತ್ತೇನೆ. ೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂದು ಇಂಗ್ಲಿಷರ ಸರಕಾರ ಆಜ್ಞೆ ಮಾಡಿದಾಗ ಅವರು ಒಪ್ಪಿಸಲಿಲ್ಲ. ಊರು ಸುಟ್ಟು ಹೋಯಿತು, ಅನೇಕರು ನೇಣಿಗೇರಿದರು. ಅವರ ಆಯುಧವು ತಮಗಿಂತ ಬಲಿಷ್ಠನಾದವನ ಎದುರು ನಿಂತಿತ್ತು. ದೀಪದ ಬೆಳಕಿಗೆ ಕಣ್ಣು ಕುಕ್ಕಿ ಅಲ್ಲಾಡದೆ ನಿಂತ ಪ್ರಾಣಿಯ ಮೇಲೆ ದೋಣಿಯಲ್ಲಿ ಕುಳಿತು ಬಾಣ ಬಿಡುವುದನ್ನು ಅದರ ಪಕ್ಕದಲ್ಲಿಟ್ಟು ತೂಗಬಹುದೇ?

ಮೊಸಳೆಯ ದೇಹರಚನೆಯನ್ನು ಬಲ್ಲವರಿಗೆ ಇನ್ನೊಂದು ಸಂಗತಿ ತಿಳಿದಿದೆ. ಅದರ ಬೆನ್ನಿನ ಚರ್ಮದೊಳಗೆ ಎಲುಬಿನ ಫಲಕಗಳು ಹೆಂಚಿನಂತೆ ಜೋಡಿಸಿಕೊಂಡಿವೆ. ತಲೆಬುರುಡೆ ದೊಡ್ಡದು, ಅದರೊಳಗಿನ ಮಿದುಳು ತೀರ ಚಿಕ್ಕದು. ಹೀಗಾಗಿ ಒಂದೇ ಬಾಣಕ್ಕೆ ಅದು ಸಾಯುವುದು ಬಹು ಅಪರೂಪ. ಗಾಯಗೊಂಡು ಮಡುವಿಗೆ ಇಳಿಯುವುದೇ ಹೆಚ್ಚು. ಅಪಾಯ ಬಂದಾಗ ಮುಳುಗಿಕೊಂಡು ಬಹಳ ಹೊತ್ತು ಉಸಿರು ಹಿಡಿದಿರಬಲ್ಲ ಪ್ರಾಣಿಯನ್ನು ಹಿನ್ನೀರಿನ ಕೆಸರಿನಲ್ಲಿ ಹುಡುಕುವವರು ಯಾರು? ಬಾಣ ಬಿಟ್ಟವನು ಚಿತ್ರ ತೆಗೆದುಕೊಂಡು ಪಟ್ಟಣಕ್ಕೆ ಮರಳುತ್ತಾನೆ. ಮರುದಿನ ಬೆಳಿಗ್ಗೆ ಅದೇ ನೀರಿಗೆ ಇಳಿಯುವವಳು ಅರಿವೆ ಒಗೆಯುವ ತಾಯಿ. ಇಳಿಯುವವನು ಎತ್ತಿನ ಮೈ ತೊಳೆಯುವ ಹುಡುಗ.

ಈಗ ನಮ್ಮ ಜಿಲ್ಲೆಯ ಕಡೆಗೆ ಬರೋಣ. ಹೊಳೆಸಾಲಿನ ಮಿತ್ರರ ಅಂಜಿಕೆಯು ಕಟ್ಟುಕಥೆಯಲ್ಲ. ಮೊಸಳೆ ಈಗ ಮಡುವಿನಲ್ಲಿಯೇ ಇರುವುದಿಲ್ಲ, ಹೊಲಕ್ಕೂ ಬರುತ್ತದೆ. ಏಕೆ ಬರುತ್ತದೆಂಬುದನ್ನು ವಿಚಾರಿಸಿದರೆ ಆ ಅಲೆದಾಟದಲ್ಲಿ ನಮ್ಮ ಪಾಲೂ ಉಂಟೆಂಬುದು ಗೊತ್ತಾಗುತ್ತದೆ.

೧೯೬೪ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟ ಆಲಮಟ್ಟಿಯ ಅಣೆಕಟ್ಟಿನಲ್ಲಿ ಇಂದು ೫೧೯.೬೦ ಮೀಟರ್ ಎತ್ತರದವರೆಗೆ ನೀರು ನಿಲ್ಲುತ್ತದೆ. ಒಂದು ಕಾಲಕ್ಕೆ ಬೇಸಿಗೆಯಲ್ಲಿ ಬತ್ತಿ ಮಡುಗಳಷ್ಟೇ ಉಳಿಯುತ್ತಿದ್ದ ಹೊಳೆ ಈಗ ಮೈಲುಗಟ್ಟಲೆ ಹಿನ್ನೀರಾಗಿ ಹರಡಿದೆ. ಯರೆಹೊಲಗಳು ಎಲ್ಲಿ ಮುಗಿದು ಹೊಳೆ ಎಲ್ಲಿ ಆರಂಭವಾಗುತ್ತದೆಂಬುದು ಮೊಸಳೆಗಷ್ಟೇ ಅಲ್ಲ, ಮನುಷ್ಯನಿಗೂ ಗೊತ್ತಾಗದಂತಿದೆ. ಆ ನೀರನ್ನೇ ನಾವು ಏತ ನೀರಾವರಿಯಿಂದ ಮೇಲಕ್ಕೆತ್ತಿ ಕಾಲುವೆಗಳಲ್ಲಿ ಹರಿಸಿದ್ದೇವೆ, ಕೆರೆಗಳಿಗೆ ತುಂಬಿಸಿದ್ದೇವೆ. ಮಳೆಯನ್ನೇ ನಂಬಿದ್ದ ಬಬಲೇಶ್ವರ, ತಿಕೋಟಾ ಭಾಗದ ಒಣಭೂಮಿಗೆ ತುಬಚಿ-ಬಬಲೇಶ್ವರ ಯೋಜನೆಯಿಂದ ಕೃಷ್ಣೆಯ ನೀರು ಬಂದಿದೆ. ತಿಕೋಟಾದ ದ್ರಾಕ್ಷಿ ತೋಟಗಾರನು ಟ್ಯಾಂಕರಿನ ನೀರಿಗಾಗಿ ಪಟ್ಟ ಪಾಡನ್ನು ಕಂಡ ಯಾರೂ ಈ ಯೋಜನೆಗಳನ್ನು ಜರೆಯಲಾರರು. ವಿಜಯಪುರ ನಗರದ ನಲ್ಲಿಗಳಲ್ಲಿ ಬರುವ ಕುಡಿಯುವ ನೀರೂ ಕೊಲ್ಹಾರದ ಬಳಿಯ ಕೃಷ್ಣೆಯದೇ. ಎಂದರೆ, ನಾವು ದಿನವೂ ಕುಡಿಯುವ ನೀರು ಮೊಸಳೆಯ ಮನೆಯಿಂದ ಬರುತ್ತದೆ. ನೀರು ಬೇಕು, ನೀರಿನ ಪ್ರಾಣಿ ಬೇಡವೆಂದರೆ ಹೇಗೆ?

ಇದರೊಡನೆ ಪ್ರವಾಹಗಳೂ ಇವೆ. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಹರಿದಾಗ ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನಲ್ಲಿ ಮುಳುಗಿದ ಮನೆಯೊಂದರ ಛಾವಣಿಯ ಮೇಲೆ ಮೊಸಳೆಯೊಂದು ಆಶ್ರಯ ಪಡೆದುದನ್ನು ನಾಡೆಲ್ಲ ಚಿತ್ರದಲ್ಲಿ ಕಂಡಿತು. ಮನೆಯ ಯಜಮಾನನೂ ನಿರಾಶ್ರಿತ, ಮೊಸಳೆಯೂ ನಿರಾಶ್ರಿತ! ಇನ್ನು ಮರಳಿನ ಮಾತು. ಹೆಣ್ಣು ಮೊಸಳೆ ಬೇಸಿಗೆಯ ಮೊದಲಲ್ಲಿ ಹೊಳೆದಂಡೆಯ ಮರಳು ಮಣ್ಣಿನಲ್ಲಿ ಕುಣಿ ತೋಡಿ ಇಪ್ಪತ್ತೈದು ಮೂವತ್ತು ಮೊಟ್ಟೆಗಳನ್ನಿಟ್ಟು, ಸುಮಾರು ಎರಡು ತಿಂಗಳ ಕಾಲ ಅವುಗಳ ಕಾವಲು ಕಾಯುತ್ತದೆ. ಅದೇ ದಂಡೆಯ ಮರಳನ್ನು ನಾವು ಲಾರಿಗಟ್ಟಲೆ ಎತ್ತಿ ಮನೆ ಕಟ್ಟುತ್ತೇವೆ. ದಂಡೆಯನ್ನು ಕಳೆದುಕೊಂಡ ಪ್ರಾಣಿ ಬೇರೆ ದಂಡೆಯನ್ನು ಹುಡುಕಿಕೊಂಡು ನಡೆಯುತ್ತದೆ; ನೆಲದ ಮೇಲೆ ಬಹಳ ದೂರ ನಡೆಯುವ ಸ್ವಭಾವ ಈ ಜಾತಿಗೆ ಮೊದಲಿನಿಂದಲೂ ಉಂಟು.

ಹೀಗೆ ಹೊಲಕ್ಕೆ ಬಂದ ಮೊಸಳೆಯೊಂದನ್ನು ನಮ್ಮ ಜಿಲ್ಲೆಯ ರೈತರು ಏನು ಮಾಡಿದರೆಂಬುದನ್ನು ಇಲ್ಲಿ ಹೇಳಲೇಬೇಕು. ೨೦೨೩ರ ಅಕ್ಟೋಬರಿನಲ್ಲಿ ಕೊಲ್ಹಾರ ತಾಲ್ಲೂಕಿನ ರೋಣಿಹಾಳ ಗ್ರಾಮದ ರೈತರು ಹೊಲದಲ್ಲಿ ಕಾಣಿಸಿಕೊಂಡ ಮೊಸಳೆಯನ್ನು ಹಗ್ಗಗಳಿಂದ ಕಟ್ಟಿ, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು, ನೇರವಾಗಿ ಹೆಸ್ಕಾಂ ವಿದ್ಯುತ್ ಉಪಕೇಂದ್ರಕ್ಕೆ ತಂದು ಇಳಿಸಿದರು. ಅವರ ಬೇಡಿಕೆ ಒಂದೇ: ಪಂಪಸೆಟ್ಟುಗಳಿಗೆ ರಾತ್ರಿಯ ಬದಲು ಹಗಲಿನಲ್ಲಿ ಕರೆಂಟು ಕೊಡಿರಿ, ರಾತ್ರಿ ನೀರು ಹಾಯಿಸಲು ಹೋದಾಗ ಹಾವು ಚೇಳು ಮೊಸಳೆಗಳು ಕಚ್ಚಿದರೆ ಹೊಣೆ ಯಾರು? ಬಳಿಕ ಅರಣ್ಯ ಇಲಾಖೆಯವರು ಬಂದು ಆ ಮೊಸಳೆಯನ್ನು ಒಯ್ದು ನೀರಿಗೆ ಬಿಟ್ಟರು. ಸುದ್ದಿಯನ್ನು ಓದಿ ನಾಡಿನ ಜನ ನಕ್ಕರು. ಆದರೆ ನಗೆಯ ಕೆಳಗಿದ್ದ ವಿವೇಕವನ್ನು ಕಂಡವರು ಕಡಿಮೆ.

ಕಾಯಿದೆಯ ಅಕ್ಷರವನ್ನು ಹಿಡಿದು ನೋಡಿದರೆ ಮೊಸಳೆಯನ್ನು ಕಟ್ಟುವುದೂ ತಪ್ಪೇ. ಅದನ್ನು ಹಾಗೆ ಕಟ್ಟಿ ತರುವುದು ರೈತರ ಜೀವಕ್ಕೂ ಅಪಾಯದ ಕೆಲಸ. ಅದನ್ನು ಎಲ್ಲರೂ ಅನುಸರಿಸಿರೆಂದು ನಾನು ಹೇಳುವುದಿಲ್ಲ. ಆದರೆ ಒಂದನ್ನು ಗಮನಿಸಿರಿ. ಹಗ್ಗದಿಂದ ಬಿಗಿದ ಮೊಸಳೆ ಕಾಲ ಬಳಿಯಲ್ಲಿಯೇ ಇತ್ತು. ಅವರು ಅದನ್ನು ಕೊಲ್ಲಲಿಲ್ಲ. ತಮ್ಮ ಕಷ್ಟಕ್ಕೆ ಕಾರಣ ಅದಲ್ಲ, ನಡುರಾತ್ರಿಯ ಕರೆಂಟು ಎಂಬುದನ್ನು ಅವರು ಅರಿತಿದ್ದರು. ಪದವಿಯ ಹೊಸ್ತಿಲಲ್ಲಿರುವ ನಾವು ಬಿಲ್ಲಿನ ಕನಸು ಕಾಣುತ್ತಿರುವಾಗ, ಒಕ್ಕಲುತನದ ಜನ ಗುರಿಯನ್ನು ನಮಗಿಂತ ಚೆನ್ನಾಗಿ ನೋಡಿದರು.

ರಾತ್ರಿಯ ಹೊಳೆದಂಡೆಯ ಮಾತು ಬಂದುದರಿಂದ ದಶರಥನ ನೆನಪು ಮಾಡಿಕೊಡುತ್ತೇನೆ. ಯೌವನದ ಮದದಲ್ಲಿ ಅವನು ಸರಯೂ ನದಿಯ ದಂಡೆಗೆ ರಾತ್ರಿಯ ಬೇಟೆಗೆ ಹೋದನು. ಕತ್ತಲೆಯಲ್ಲಿ ನೀರಿನ ಸಪ್ಪಳ ಕೇಳಿ, ಆನೆ ನೀರು ಕುಡಿಯುತ್ತಿದೆಯೆಂದು ಶಬ್ದವೇಧಿ ಬಾಣವನ್ನು ಬಿಟ್ಟನು. ಕೊಡದಲ್ಲಿ ನೀರು ತುಂಬುತ್ತಿದ್ದ ಋಷಿಕುಮಾರ ಸತ್ತನು. ಕುರುಡ ತಂದೆತಾಯಿಗಳು ಸಂಕಟದಿಂದ ಮಡಿದರು. ಅವರ ಶಾಪವೇ ಮುಂದೆ ರಾಮಾಯಣವಾಯಿತು. ಕೃಷ್ಣೆಯ ದಂಡೆಯಲ್ಲಿ ನಡುರಾತ್ರಿ ಸಪ್ಪಳ ಮಾಡುವುದು ಮೊಸಳೆಯೊಂದೇ ಅಲ್ಲ. ಪಂಪಸೆಟ್ಟಿನ ಗುಂಡಿ ಒತ್ತಲು ಬಂದ ರೈತನೂ ಮಾಡುತ್ತಾನೆ, ಬಲೆ ಬೀಸುವ ಅಂಬಿಗನೂ ಮಾಡುತ್ತಾನೆ. ಅಂತಹ ಕತ್ತಲೆಗೆ ಬಿಲ್ಲು ಹಿಡಿದ ಹುಡುಗರನ್ನು ಕಳಿಸುವುದು ಯಾರ ಹಿತಕ್ಕೆ?

ಹಾಗಾದರೆ ಮಾಡತಕ್ಕದ್ದೇನು? ಟೀಕೆ ಸುಲಭ, ಉಪಾಯ ಕಷ್ಟವೆಂಬ ಆಕ್ಷೇಪಣೆಗೆ ಎಡೆಗೊಡದೆ ನನಗೆ ತೋಚಿದ ಕೆಲವನ್ನು ಹೇಳುತ್ತೇನೆ.

ಮೊದಲನೆಯದು, ರೋಣಿಹಾಳದ ರೈತರು ಕೇಳಿದ್ದೇ: ಹೊಳೆಸಾಲಿನ ಪಂಪಸೆಟ್ಟುಗಳಿಗೆ ಹಗಲು ವಿದ್ಯುತ್ತು. ಮೊಸಳೆ ಹೆಚ್ಚಾಗಿ ಸಂಚರಿಸುವ ಹೊತ್ತಿನಲ್ಲಿ ಮನುಷ್ಯನು ದಂಡೆಯಲ್ಲಿ ಇರದಂತಾದರೆ ಅರ್ಧ ಅಪಾಯ ನೀಗಿದಂತೆಯೇ.

ಎರಡನೆಯದು, ಬೇಲಿ ಹಾಕಿದ ಘಟ್ಟಗಳು. ಸಿಂಹಳದ ಕೆಲವು ನದಿಗಳಲ್ಲಿ ಸ್ನಾನ ಮಾಡುವ ಸ್ಥಳದ ಸುತ್ತ ನೀರಿನೊಳಗೆ ಗೂಟ ನೆಟ್ಟು, ಮೊಸಳೆ ಒಳಗೆ ಬಾರದಂತೆ ಆವರಣ ಕಟ್ಟುವ ರೂಢಿಯಿದೆ. ಒಡಿಶಾದ ಭಿತರಕಣಿಕಾದ ಸುತ್ತಲಿನ ಊರುಗಳಲ್ಲಿಯೂ ಅರಣ್ಯ ಇಲಾಖೆಯು ಇಂತಹ ತಡೆಗಳನ್ನು ಕಟ್ಟಿಸಿದೆ. ಅಲ್ಲಿರುವುದು ನಮ್ಮದಕ್ಕಿಂತ ಬಹಳ ದೊಡ್ಡದಾದ, ಬಹಳ ಕ್ರೂರವಾದ ಉಪ್ಪುನೀರಿನ ಮೊಸಳೆ. ಅಲ್ಲಿ ಕೆಲಸಕ್ಕೆ ಬಂದ ಬೇಲಿಯು ಕೃಷ್ಣೆಯಲ್ಲಿ ಏಕೆ ಬಾರದು? ಅರಿವೆ ಒಗೆಯುವ, ದನ ತೊಳೆಯುವ ಪ್ರತಿ ಘಟ್ಟಕ್ಕೆ ಇಂತಹದೊಂದು ಆವರಣವಾಗಲಿ.

ಮೂರನೆಯದು, ಮೊಸಳೆ ಹಿಡಿಯಲು ಬಲ್ಲ ಸಿಬ್ಬಂದಿ ಹತ್ತಿರದಲ್ಲಿಯೇ ಇರಬೇಕು. ಹಗ್ಗ, ಬಲೆ, ಪಂಜರಗಳೊಡನೆ ಪಳಗಿದ ಜನರು ಹಿನ್ನೀರಿನ ಊರುಗಳಿಗೆ ಬೇಗನೆ ತಲುಪುವಂತಿದ್ದರೆ ಯಾವ ರೈತನೂ ತಾನೇ ಹಗ್ಗ ಹಿಡಿಯುವ ಪ್ರಸಂಗ ಬಾರದು. ಜೀವಕ್ಕೆ ಅಪಾಯಕಾರಿಯಾದ ಒಂದು ಮೊಸಳೆಯನ್ನು ಹಿಡಿದು ಸಾಗಿಸುವುದಕ್ಕೆ ಕಾಯಿದೆಯಲ್ಲಿಯೇ ದಾರಿಯಿದೆ. ಅಪ್ಪಣೆಯನ್ನು ಮುಖ್ಯ ವನ್ಯಜೀವಿ ಪರಿಪಾಲಕರು ಕೊಡಬೇಕು. ದಾರಿ ಇದೆಯೆಂಬುದು ಜನರಿಗೆ ತಿಳಿಯದಿರುವುದೇ ದೊಡ್ಡ ಕೊರತೆ.

ನಾಲ್ಕನೆಯದು ನಮ್ಮ ಕೈಯಲ್ಲಿಯೇ ಇದೆ. ಸತ್ತ ದನಕರುಗಳನ್ನೂ ಮಾಂಸದಂಗಡಿಯ ಹೊಲಸನ್ನೂ ಹೊಳೆಗೆ, ಕಾಲುವೆಗೆ ಎಸೆಯುವುದನ್ನು ನಿಲ್ಲಿಸಬೇಕು. ಘಟ್ಟದ ಬಳಿ ಊಟ ಹಾಕಿ ಕರೆದು, ಬಂದ ಮೇಲೆ ಬೈಯುವುದು ಯಾವ ನ್ಯಾಯ? ಮೊಟ್ಟೆಯಿಡುವ ತಿಂಗಳುಗಳಲ್ಲಾದರೂ ದಂಡೆಯ ಮರಳನ್ನು ಮುಟ್ಟದಿರಬೇಕು.

ಕೊನೆಯದಾಗಿ ನಮ್ಮ ಕಾಲೇಜಿನ ವಿಷಯ. ನಮ್ಮಲ್ಲಿ ಬಹಳ ಮಂದಿ ಮನೆತನದಲ್ಲಿಯೇ ಮೊದಲನೆಯವರಾಗಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರು. ನಾನೂ ಅವರಲ್ಲೊಬ್ಬ. ಊರಿಗೆ ಹೋದಾಗ ನೋಟೀಸು, ಅರ್ಜಿ, ಪಟ್ಟೆ ಪಹಣಿಗಳನ್ನು ಓದಿ ಹೇಳಲು ನೆರೆಹೊರೆಯವರು ನಮ್ಮ ಕಡೆಗೇ ಬರುತ್ತಾರೆ. ಮೊಸಳೆಯ ಕಾಯಿದೆ ಏನು ಹೇಳುತ್ತದೆಂದು ಅವರು ಕೇಳಿದರೆ ಉತ್ತರ ಹೇಳುವ ಹೊಣೆಯೂ ನಮ್ಮದೇ. ಅವರಿಗೆ ಫೋನಿನ ಬೇಟೆಯ ಚಿತ್ರವನ್ನು ತೋರಿಸಿ, ಒಬ್ಬ ಬಡವನ ಮಗನನ್ನು ಮೂರು ವರ್ಷದ ಸೆರೆಮನೆಗೆ ಕಳಿಸುವ ಪಾಪ ನಮಗೆ ಬೇಡ. ರಾಷ್ಟ್ರೀಯ ಸೇವಾ ಯೋಜನೆಯ ಮುಂದಿನ ವಿಶೇಷ ಶಿಬಿರವನ್ನು ಬಬಲೇಶ್ವರ ತಾಲ್ಲೂಕಿನ ಒಂದು ಹೊಳೆದಂಡೆಯ ಊರಿನಲ್ಲಿ ನಡೆಸಬೇಕೆಂದು ಗುರುಗಳಲ್ಲಿ ನನ್ನ ವಿನಂತಿ. ರಸ್ತೆ ಗುಡಿಸುವುದರೊಡನೆ,

ಘಟ್ಟಗಳಲ್ಲಿ ಎಚ್ಚರಿಕೆಯ ಕನ್ನಡ ಫಲಕಗಳನ್ನು ನೆಡೋಣ. ಯಾವ ಹೊತ್ತಿನಲ್ಲಿ ನೀರಿಗೆ ಇಳಿಯಬಾರದು, ಮೊಸಳೆ ಕಂಡರೆ ಯಾರಿಗೆ ತಿಳಿಸಬೇಕು ಎಂಬುದನ್ನು ಅವುಗಳ ಮೇಲೆ ಬರೆಯೋಣ. ಬೇಲಿ ಹಾಕಿದ ಒಂದು ಘಟ್ಟಕ್ಕಾಗಿ ಊರವರ ಸಹಿ ಮಾಡಿಸಿ ಅರ್ಜಿಯನ್ನು ಬರೆದು ಕೊಡೋಣ.

ಬಿಲ್ವಿದ್ಯೆಯನ್ನು ಕಲಿಯಬೇಕೆಂಬ ಮಿತ್ರರು ಅವಶ್ಯವಾಗಿ ಕಲಿಯಲಿ. ನಮ್ಮ ಆಟದ ಮೈದಾನದಲ್ಲಿ ಹುಲ್ಲಿನ ಗುರಿಹಲಗೆಯನ್ನು ನಿಲ್ಲಿಸಲು ಜಾಗಕ್ಕೇನೂ ಕಡಿಮೆಯಿಲ್ಲ. ಕಣ್ಣು ನಿಲ್ಲಲು, ಕೈ ನಡುಗದಿರಲು, ಮನಸ್ಸು ಒಂದೆಡೆ ನೆಲೆಸಲು ಅದಕ್ಕಿಂತ ಒಳ್ಳೆಯ ವಿದ್ಯೆಯಿಲ್ಲ. ಆದರೆ ಬಿಲ್ಲನ್ನು ಹಿಡಿದವನು ಬಾಣವನ್ನು ಬಿಡುವ ಮೊದಲು ಯಾರ ಕಾಲು ಯಾರ ಬಾಯಲ್ಲಿದೆ ಎಂಬುದನ್ನು ನೋಡಬೇಕು. ಇಂದು ಹೊಳೆಸಾಲಿನ ರೈತನ ಕಾಲನ್ನು ಹಿಡಿದಿರುವುದು ನಡುರಾತ್ರಿಯ ಕರೆಂಟು, ಬೇಲಿಯಿಲ್ಲದ ಘಟ್ಟ, ದಂಡೆಯಿಲ್ಲದ ಹೊಳೆ. ಬಿಡಿಸಬೇಕಾದದ್ದು ಅವುಗಳಿಂದ. ಅದಕ್ಕೆ ಬೇಕಾದ ಐದು ಬಾಣಗಳು ಹಗಲು ವಿದ್ಯುತ್ತು, ಭದ್ರವಾದ ಘಟ್ಟ, ಪಳಗಿದ ಸಿಬ್ಬಂದಿ, ಶುಚಿಯಾದ ದಂಡೆ ಮತ್ತು ಓದುಬಲ್ಲ ತರುಣರು. ಮೊದಲಿನ ನಾಲ್ಕನ್ನು ಸರಕಾರವೂ ಊರವರೂ ಕೂಡಿ ಒದಗಿಸಬೇಕು. ಐದನೆಯದು ಈ ಕಾಲೇಜಿನಲ್ಲಿಯೇ ಇದೆ.